ಟೈಲರ್ ಕಾಕನ ಅರಬ್ಬಿ ಕಾರ್ಟೂನು

ನನ್ನ ತಮ್ಮನ ಮಗಳು ಮಣಿಪಾಲದಲ್ಲಿ ಓದುತ್ತಾಳೆ. ಆದಿತ್ಯವಾರ ಊಟಕ್ಕೆ ನಮ್ಮಲ್ಲಿಗೆ ಬರುವುದು ರೂಢಿ. ಬರುವಾಗ ಒಬ್ಬಿಬ್ಬರು ಸ್ನೇಹಿತೆಯರೂ ಜೊತೆಗಿರುತ್ತಾರೆ. ಹೋದ ತಿಂಗಳು ಹೀಗೆ ಬಂದವರು ಊಟ ಮುಗಿದು ಕೈ ಒಣಗಿದರೂ ಏಳದೆ ಜಗಳಕ್ಕೆ ಕುಳಿತರು. ಜಪಾನಿನ ಕಾರ್ಟೂನುಗಳ, ಅವರ ಬಾಯಲ್ಲಿ ಆನಿಮೆಗಳ, ಗುಣಮಟ್ಟ ವರ್ಷದಿಂದ ವರ್ಷಕ್ಕೆ ಕೆಡುತ್ತಿದೆ ಎಂದು ಒಬ್ಬಳ ವಾದ. ಕೆಟ್ಟದ್ದು ನಿನ್ನ ಕಣ್ಣು ಎಂದು ಇನ್ನೊಬ್ಬಳ ವಾದ. 'ಹಿಂದಿನ ಕಾಲದ್ದೇ ಚೆಂದ' ಎಂದವಳ ಹಿಂದಿನ ಕಾಲ ಎಂದರೆ ಹತ್ತು ವರ್ಷ! ನನಗೆ ನಗು ತಡೆಯಲಿಲ್ಲ.

"ಹಿಂದಿನ ಕಾಲದ್ದು ನಾನು ನೋಡಿದ್ದೇನೆ, ನನ್ನನ್ನು ಕೇಳಿ" ಎಂದೆ. ಮೂವರೂ ತಿರುಗಿ ನನ್ನನ್ನು ನೋಡಿದರು. ಸಮುದ್ರದ ನಡುವೆ ಒಂದು ದೀಪಸ್ತಂಭ, ಅದರಲ್ಲಿ ಒಬ್ಬ ಅಜ್ಜ, ಒಬ್ಬಳು ಹುಡುಗಿ, ಒಂದು ಆಡು ಎಂದು ಹೇಳುತ್ತಾ ಹೋದೆ. ತಮ್ಮನ ಮಗಳು ಫೋನಿನಲ್ಲಿ ಏನೇನೋ ಹುಡುಕಿ, ಚಹಾ ಕುದಿಯುವುದರೊಳಗೆ ಅದನ್ನು ತಂದು ನನ್ನ ಮುಂದೆ ಹಿಡಿದಳು. ಕೆಳಗೆ ಇಂಗ್ಲಿಷಿನಲ್ಲಿ ಮಾತಿನ ಅರ್ಥ ಬೇರೆ ಬರುತ್ತಿತ್ತು.

ಆ ವಾರ ನಾನೊಬ್ಬಳೇ ಕುಳಿತು ನಾಲ್ಕು ಭಾಗ ನೋಡಿದೆ. ಪ್ರಾಮಾಣಿಕವಾಗಿ ಹೇಳುವುದಾದರೆ, ಸಾಧಾರಣ. ಒಂದೇ ಅಲೆ ಹನ್ನೊಂದು ಸಲ ಬಂದು ಒಂದೇ ಬಂಡೆಗೆ ಬಡಿಯುತ್ತದೆ. ಹುಡುಗಿಗೆ ಇರುವುದು ಮೂರೇ ಮುಖ: ನಗುವ ಮುಖ, ಅಳುವ ಮುಖ, ಬಾಯಿ ಬಿಟ್ಟ ಮುಖ. ಅಜ್ಜನ ಗಡ್ಡ ಅವನು ಮಾತನಾಡಿದರೂ ಅಲುಗುವುದಿಲ್ಲ. ಈಗಿನ ಮಕ್ಕಳು ನೋಡುವ ಚಿತ್ರಗಳಲ್ಲಿ ಮಳೆಯ ಹನಿ ಹನಿಯೂ ಬೇರೆ ಬೇರೆ. ಗುಣಮಟ್ಟ ಕುಸಿದಿದೆ ಎನ್ನುವವರನ್ನು ಈ ಅಲೆಯ ಮುಂದೆ ಅರ್ಧ ಗಂಟೆ ಕೂರಿಸಬೇಕು. ಆದರೂ ನಾಲ್ಕನೆಯ ಭಾಗ ಮುಗಿಯುತ್ತಿದ್ದಂತೆ ನಾನು ಅದನ್ನು ನಿಲ್ಲಿಸಿದೆ. ಬೇಸರ ಬಂದು ನಿಲ್ಲಿಸಿದ್ದಲ್ಲ. ಮುಂದೆ ಏನಾಗುತ್ತದೆಂದು ಆ ಇಂಗ್ಲಿಷ್ ಅಕ್ಷರಗಳು ನನಗೆ ಹೇಳುವುದು ಬೇಡವಾಗಿತ್ತು. ಅದೇಕೆಂದು ಬರೆಯುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಕಾಪುವಿನಲ್ಲಿ. ಅಮ್ಮ ಅಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಪಪ್ಪ ಗಲ್ಫಿನಲ್ಲಿ ಕಟ್ಟಡದ ಕೆಲಸದ ಕಂಪೆನಿಯೊಂದರಲ್ಲಿದ್ದರು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಮ್ಮೆ ರಜೆಗೆ ಬಂದವರು ಒಂದು ಟಿವಿಯನ್ನೂ ಕ್ಯಾಸೆಟ್ ಹಾಕಿ ನೋಡುವ ಡೆಕ್ಕನ್ನೂ ತಂದಿಟ್ಟು ಹೋದರು. ಆಗ ತಮ್ಮನಿಗೆ ಒಂದೂವರೆ ವರ್ಷ. ಆಮೇಲೆ ಪಪ್ಪನ ರಜೆ ಮುಂದೆ ಹೋಗುತ್ತಲೇ ಇತ್ತು. ಈ ಕ್ರಿಸ್ಮಸ್‌ಗೆ ಎಂದರು, ಬರುವ ಈಸ್ಟರಿಗೆ ಎಂದರು. ತಮ್ಮನಿಗೆ ಐದು ತುಂಬಿತು. ಅವನ ಪಾಲಿಗೆ ಪಪ್ಪ ಎಂದರೆ ಪ್ರಾರ್ಥನೆಯ ಕೋಣೆಯ ಗೋಡೆಯಲ್ಲಿ, ಯೇಸುವಿನ ಪಟದ ಕೆಳಗೆ ತೂಗುಹಾಕಿದ್ದ ಒಂದು ಫೋಟೊ.

ನಮ್ಮ ಕ್ರಿಸ್ತುವ ಮನೆಗಳಲ್ಲಿ ಸಂಜೆಯ ಜಪಮಾಲೆ ಮುಗಿದ ಕೂಡಲೇ ಮಕ್ಕಳು ಹಿರಿಯರ ಮುಂದೆ ಕೈಮುಗಿದು ಆಶೀರ್ವಾದ ಕೇಳಬೇಕು. ಅದಕ್ಕೆ ಕೊಂಕಣಿಯಲ್ಲಿ ಬೆಸಾಂವ್ ಎನ್ನುತ್ತೇವೆ. ಮೊದಲು ಅಜ್ಜಿ, ಅಂದರೆ ಪಪ್ಪನ ತಾಯಿ. ಆಮೇಲೆ ಅಮ್ಮ. ಕೊನೆಗೆ ನಾವಿಬ್ಬರೂ ಆ ಫೋಟೊದ ಮುಂದೆ ನಿಂತು ಬೆಸಾಂವ್ ಕೇಳುತ್ತಿದ್ದೆವು. ಫೋಟೊ ಮಾತನಾಡುವುದಿಲ್ಲವಲ್ಲ, ಅದರ ಪರವಾಗಿ "ದೇವರು ಒಳ್ಳೆಯದು ಮಾಡಲಿ ಮಕ್ಕಳೇ" ಎಂದು ಅಜ್ಜಿ ಸ್ವಲ್ಪ ದಪ್ಪ ಸ್ವರದಲ್ಲಿ ಹೇಳುತ್ತಿದ್ದರು. ತಮ್ಮನಿಗೆ ಅದರಲ್ಲಿ ಏನೂ ವಿಚಿತ್ರ ಕಾಣುತ್ತಿರಲಿಲ್ಲ.

ಪಪ್ಪ ಕಳಿಸುತ್ತಿದ್ದ ಕ್ಯಾಸೆಟ್ಟುಗಳಲ್ಲಿ ಇದ್ದದ್ದೇ ಈ ಕಾರ್ಟೂನು. ಅಲ್ಲಿಯ ಟಿವಿಯಲ್ಲಿ ಸಂಜೆ ಮಕ್ಕಳಿಗೆಂದು ಬರುತ್ತಿದ್ದುದನ್ನು ಅವರು ಕೆಲಸದಿಂದ ಬಂದವರೇ ಬೂಟು ಸಹ ಬಿಚ್ಚದೆ ರೆಕಾರ್ಡ್ ಮಾಡುತ್ತಿದ್ದರಂತೆ. ಜಾಹೀರಾತು ಬಂದಾಗ ಒಂದು ಗುಂಡಿ ಒತ್ತಿ ನಿಲ್ಲಿಸುವುದು, ಮುಗಿದ ಕೂಡಲೇ ಮತ್ತೆ ಒತ್ತುವುದು. ಹಾಗಾಗಿ ಕಥೆಯ ನಡುನಡುವೆ ಒಂದು ಕ್ಷಣ ಸೋಪಿನ ಡಬ್ಬವೋ ಹಾಲಿನ ಪುಡಿಯೋ ಮಿಂಚಿ ಮಾಯವಾಗುತ್ತಿತ್ತು. ಅಲ್ಲಿ ಪಪ್ಪನ ಹೆಬ್ಬೆರಳು ಇದೆ ಎಂದು ನನಗೆ ಗೊತ್ತಿತ್ತು. ಯಾವ ಭಾಗಕ್ಕೆ ಆರಂಭವೇ ಇಲ್ಲವೋ ಆ ದಿನ ಅವರಿಗೆ ಓವರ್‌ಟೈಮ್. ಇಷ್ಟೆಲ್ಲ ದಣಿವಿನ ನಡುವೆ ಅವರು ನಮಗಾಗಿ ಕೂತು ಗುಂಡಿ ಒತ್ತಿದರಲ್ಲ, ಅದಕ್ಕೆ ನಾನು ಸಾಯುವವರೆಗೂ ಕೃತಜ್ಞಳು.

ಕ್ಯಾಸೆಟ್ಟುಗಳು ಅಂಚೆಯಲ್ಲಿ ಬರುತ್ತಿರಲಿಲ್ಲ. ರಜೆಗೆ ಊರಿಗೆ ಹೊರಟ ಯಾರದ್ದೋ ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಯಾರ ಪೆಟ್ಟಿಗೆಯೋ ಅವರ ಮನೆಗೆ ನಾವು ಹೋಗಬೇಕು. ಒಂದಕ್ಕಾಗಿ ನಾನೂ ಅಮ್ಮನೂ ಎರಡು ಬಸ್ಸು ಬದಲಿಸಿ ಕಾರ್ಕಳದಾಚೆ ಕುಕ್ಕುಂದೂರಿಗೆ ಹೋದೆವು. ಇನ್ನೊಂದು ಮಲ್ಪೆಯ ಒಂದು ಮನೆಯಲ್ಲಿ ಹದಿನೈದು ದಿನ ಒಣಸಿಗಡಿಯ ಚೀಲದ ಪಕ್ಕ ಕುಳಿತಿತ್ತು. ಕೆಲವು ಸಲ ತಂದವರೇ ನಮ್ಮ ಮನೆಯವರೆಗೆ ಬಂದು, ಒಂದು ಪಾಕೀಟು ಚಾಕಲೇಟನ್ನೂ ಕೊಟ್ಟು, ಕಾಫಿ ಕುಡಿದು ಹೋಗುತ್ತಿದ್ದರು. ಸೆಂಟಿನ ಪರಿಮಳದ, ಹೊಳೆಯುವ ಶರ್ಟಿನ ಅವರನ್ನೆಲ್ಲ ತಮ್ಮ 'ಅಂಕಲ್' ಎನ್ನುತ್ತಿದ್ದ.

ಕಾರ್ಟೂನು ಅರಬ್ಬಿ ಭಾಷೆಯಲ್ಲಿತ್ತು. ಅದು ಜಪಾನಿನದ್ದು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಯೇಸು ಹುಟ್ಟಿದ ಕಡೆಯ ಭಾಷೆ ಅಲ್ವಾ ಎಂದು ಅಜ್ಜಿ ಮೊದಲ ದಿನ ಟಿವಿಯ ಮುಂದೆ ಶಿಲುಬೆಯ ಗುರುತು ಮಾಡಿದರು. ಆದರೆ ಅರ್ಥವಾಗಬೇಕಲ್ಲ? ಹುಡುಗಿ ಯಾಕೆ ಓಡುತ್ತಾಳೆ, ಅಜ್ಜ ಯಾಕೆ ಬಯ್ಯುತ್ತಾನೆ, ತಲೆಬುಡ ತಿಳಿಯುತ್ತಿರಲಿಲ್ಲ. ಅಜ್ಜಿಯೇ ದಾರಿ ತೋರಿಸಿದರು.

"ಅರಬ್ಬಿ ಅಲ್ವಾ? ಕಾಕನನ್ನು ಕರೀರಿ. ಅವರು ದಿನಾ ಓದುವುದು ಅದನ್ನೇ."

ಕಾಕ ನಮ್ಮ ಮನೆಗೆ ಮೂರು ಅಂಗಳ ಆಚೆ, ರಸ್ತೆ ಬದಿಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ಬ್ಯಾರಿ, ನಮ್ಮ ಕರಾವಳಿಯ ಮುಸಲ್ಮಾನರು. ಆಗಲೇ ಅರುವತ್ತು ದಾಟಿತ್ತು. ಶಾಲೆಯ ಯೂನಿಫಾರ್ಮು, ಮದುವೆಯ ಕೋಟು, ಮಸೀದಿಗೆ ಹೋಗುವವರ ಜುಬ್ಬ, ನಮ್ಮ ಇಗರ್ಜಿಯ ಪೀಠದ ಬಟ್ಟೆ ಎಲ್ಲವನ್ನೂ ಹೊಲಿಯುವುದು ಅವರೇ. ನಮ್ಮೊಡನೆ ಅವರು ಮಾತನಾಡುತ್ತಿದ್ದುದು ತುಳುವಿನಲ್ಲಿ. ಆ ಮಾತನ್ನು ನಾನಿಲ್ಲಿ ನಮ್ಮ ಕಡೆಯ ಕನ್ನಡಕ್ಕೆ ತಂದಿದ್ದೇನೆ. ಮಗನೇ, ಮಗಳೇ ಎನ್ನಲು ಅವರು ಬಳಸುತ್ತಿದ್ದ ಮೋನೆ, ಮೋಳೆ ಮಾತ್ರ ಅವರ ಮನೆಮಾತಿನವು.

ಶನಿವಾರ ಮಧ್ಯಾಹ್ನ, ಶಾಲೆ ಅರ್ಧ ದಿನ ಮುಗಿದ ಮೇಲೆ, ಕಾಕ ಬಂದರು. ಕೈಯಲ್ಲಿ ಗುಂಡಿಗೆ ಕಾಜು ಹೊಲಿಯಬೇಕಾದ ನಾಲ್ಕು ಶರ್ಟು. ಟಿವಿಯಲ್ಲಿ ಅರಬ್ಬಿ ಸ್ವರ ಕೇಳಿದ್ದೇ ತಲೆಯ ಟೊಪ್ಪಿ ಸರಿಮಾಡಿಕೊಂಡು, ಚಾಚಿದ ಕಾಲು ಮಡಚಿ ನೆಟ್ಟಗೆ ಕುಳಿತರು. ನಾವೆಲ್ಲ ಟಿವಿ ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದೆವು. ಹತ್ತು ನಿಮಿಷ ಅವರು ಚಿತ್ರವನ್ನೇ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಇವಳ ಅಪ್ಪ ಹಡಗಿನಲ್ಲಿ ಕೆಲಸಕ್ಕೆ ಹೋಗಿದ್ದಾನೆ. ದೂರ. ಕೆಲಸ ಮುಗಿಯದೆ ಬಿಡುವುದಿಲ್ಲ ಅಂತ ಧಣಿ ಹೇಳಿದ್ದಾನೆ. ಅದಕ್ಕೆ ಇವಳು ದಿನಾ ಮೇಲೆ ಹತ್ತಿ ನೋಡುವುದು."

"ಯಾವಾಗ ಬರ್ತಾನೆ?" ತಮ್ಮ ಕೇಳಿದ.

"ಬರ್ತಾನೆ ಮೋನೆ. ಕಥೆ ಈಗ ಶುರುವಾದದ್ದಲ್ವಾ."

ಅಲ್ಲಿಂದ ಶನಿವಾರ ಎಂದರೆ ಕಾಕ. ಅಜ್ಜಿ ಅವರಿಗೆ ಚಹಾ, ನೆಲಗಡಲೆ ಇಡುತ್ತಿದ್ದರು. ಉಪವಾಸದ ತಿಂಗಳಲ್ಲಿ ಅಜ್ಜಿಯೂ ಅವರೆದುರು ಏನೂ ತಿನ್ನುತ್ತಿರಲಿಲ್ಲ. ಕಾಕ ಕಾಜು ಹೊಲಿಯುತ್ತಾ ಕಥೆ ಹೇಳುತ್ತಿದ್ದರು. ದ್ವೀಪಕ್ಕೆ ದೋಣಿಯಲ್ಲಿ ಸಾಮಾನು ತರುವ ಮೀಸೆಯವನು ಅಪ್ಪನ ರೂಮಿನವನಂತೆ, ರಜೆಯಲ್ಲಿ ಬಂದವನಂತೆ, ಅಪ್ಪ ಕೊಟ್ಟ ಕಾಗದವನ್ನು ಕೊಡಲು ಮರೆತವನಂತೆ. ಆ ಕಾಗದ ತಿಂದದ್ದು ಆಡಂತೆ. ಅಜ್ಜಿ ಆ ಆಡಿಗೆ ಕೊಂಕಣಿಯಲ್ಲಿ ಶಾಪ ಹಾಕುತ್ತಿದ್ದರು.

ಒಂದು ಶನಿವಾರ ಕಾಕ ಸೂಜಿ ನಿಲ್ಲಿಸಿ ಟಿವಿಯ ಹತ್ತಿರ ಹೋಗಿ ಬಗ್ಗಿದರು. "ನೋಡಿ ಟೀಚರಮ್ಮ, ಹುಡುಗಿಯ ಲಂಗದ ಅಂಚು ಬಿಚ್ಚಿ ಉದ್ದ ಮಾಡಿದ್ದಾರೆ. ಹಳೆಯ ಮಡಿಕೆಯ ಗೆರೆ ಕಾಣ್ತದೆ. ಅಂದರೆ ಇವಳು ಬೆಳೆದಿದ್ದಾಳೆ. ಅಪ್ಪ ಹೋಗಿ ವರ್ಷ ಆಯಿತು ಅಂತ ಲೆಕ್ಕ." ನಮಗೆ ಯಾರಿಗೂ ಆ ಗೆರೆ ಕಂಡಿರಲಿಲ್ಲ. ಅಮ್ಮ ಮಾತ್ರ ಎದ್ದು ಒಳಗೆ ಹೋದರು.

ಮೊನ್ನೆ ನಾಲ್ಕನೆಯ ಭಾಗ ನೋಡುವಾಗ ಆ ಗೆರೆ ಇದೆಯೇ ಎಂದು ಹುಡುಕಿದೆ. ಇತ್ತು. ಬಣ್ಣ ಮಾಸದ ಒಂದು ತೆಳು ಪಟ್ಟಿ. ಅಲೆಯನ್ನು ಹನ್ನೊಂದು ಸಲ ತೋರಿಸಿ ಕೈತೊಳೆದುಕೊಂಡ ಅದೇ ಜನರಲ್ಲಿ ಯಾರೋ ಒಬ್ಬರು ಕೂತು ಅದನ್ನು ಬರೆದಿದ್ದಾರೆ. ನನ್ನ ತಮ್ಮನ ಮಗಳ ಜಗಳದಲ್ಲಿ ನಾನು ಯಾರ ಪಕ್ಷವೆಂದು ಹೇಳಲಾರೆ, ಆದರೆ ಆ ಗೆರೆ ಬರೆದವರ ಕೈಗೆ ಒಮ್ಮೆ ಮುತ್ತು ಕೊಡಬೇಕೆನಿಸಿತು.

ಪಪ್ಪನಿಗೆ ವಾರಕ್ಕೊಂದು ಕಾಗದ ಬರೆಯುವುದು ನನ್ನ ಕೆಲಸ. ಅಮ್ಮ ಮನೆಯ ವಿಷಯ ಬರೆದು ಉಳಿಸಿದ ಜಾಗದಲ್ಲಿ ನಾನು ಕಾಕ ಹೇಳಿದ ಕಥೆಯನ್ನು ಒತ್ತೊತ್ತಾಗಿ ತುಂಬಿಸುತ್ತಿದ್ದೆ. ಜಾಗ ಸಾಲದಿದ್ದರೆ ಅಂಚಿನಲ್ಲಿ ಅಡ್ಡಡ್ಡ ಬರೆಯುತ್ತಿದ್ದೆ. ಪಪ್ಪನ ಉತ್ತರದಲ್ಲಿ ಪ್ರತಿ ಸಲ ಒಂದು ಸಾಲು ಇರುತ್ತಿತ್ತು: ಕಥೆ ತಪ್ಪದೆ ಬರೆ, ಕಿರಿದು ಮಾಡಬೇಡ.

ಇನ್ನು ನನ್ನ ಬುದ್ಧಿವಂತಿಕೆಯ ವಿಷಯ. ನನಗಾಗ ಹನ್ನೆರಡು ವರ್ಷ. ಕ್ಲಾಸಿನಲ್ಲಿ ಮೊದಲ ಸ್ಥಾನ, ಮೂಗಿನ ತುದಿಯಲ್ಲಿ ಕೋಪ. ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಬ್ಯಾರಿ ಹುಡುಗಿ ಒಂದು ದಿನ ಮಾತಿನ ಮಧ್ಯೆ, ಮದರಸದಲ್ಲಿ ನಮಗೆ ಅರಬ್ಬಿ ಓದಲಿಕ್ಕೆ ಕಲಿಸುತ್ತಾರೆ, ಮಾತನಾಡಲಿಕ್ಕೆ ಅಲ್ಲ ಎಂದಳು. ಆ ಸಂಗತಿಯನ್ನು ನಾನು ಪರೀಕ್ಷೆಯ ಪ್ರಶ್ನೆ ಮೊದಲೇ ಸಿಕ್ಕಿದವಳ ಹಾಗೆ ಒಳಗಿಟ್ಟುಕೊಂಡು ಶನಿವಾರಕ್ಕೆ ಕಾದೆ.

ಅದು ಆರನೆಯ ಕ್ಯಾಸೆಟ್. ಅಜ್ಜನೂ ಹುಡುಗಿಯೂ ಗುಡ್ಡ ಹತ್ತಿ ಒಂದು ಕಲ್ಲಿನ ಮುಂದೆ ಹೂ ಇಟ್ಟರು. ಕಲ್ಲಿನ ಮೇಲೆ ಒಂದು ನಾವಿಕರ ಟೊಪ್ಪಿ. ಸಮಾಧಿ ಎಂದು ಯಾರಿಗೂ ಹೇಳಬೇಕಾಗಿರಲಿಲ್ಲ.

"ಅದರೊಳಗೆ ಯಾರು?" ತಮ್ಮ ಕೇಳಿದ.

ಕಾಕ ಸೂಜಿಗೆ ನೂಲು ಪೋಣಿಸುತ್ತಿದ್ದರು. "ಅವಳ ಅಮ್ಮ" ಎಂದರು.

"ಟೊಪ್ಪಿ ಅಪ್ಪನದ್ದು" ಎಂದೆ ನಾನು. "ಮನೆಯ ಗೋಡೆಯಲ್ಲಿ ಅಪ್ಪನ ಪಟ ಉಂಟು. ಅದರಲ್ಲಿ ಇದೇ ಟೊಪ್ಪಿ."

"ಹೌದು ಮೋಳೆ. ಹೋಗುವಾಗ ಅಮ್ಮನ ಹತ್ತಿರ ಇಟ್ಟು ಹೋದ. ಬಂದ ಮೇಲೆ ತಕ್ಕೊಳ್ತೇನೆ ಅಂತ."

ಎಷ್ಟು ಚೆಂದದ ಮಾತು! ಈಗ ಬರೆಯುವಾಗಲೂ ಅನಿಸುತ್ತದೆ, ಆ ಒಂದು ಕ್ಷಣದಲ್ಲಿ ಅದನ್ನು ಎಲ್ಲಿಂದ ತಂದರು ಆ ಮನುಷ್ಯ? ಆದರೆ ಆಗ ನನ್ನ ನಾಲಿಗೆ ನಿಲ್ಲಲಿಲ್ಲ.

"ಸುಳ್ಳು. ಅಪ್ಪ ಸತ್ತಿದ್ದಾನೆ. ನಿಮಗೆ ಅರಬ್ಬಿಯೇ ಬರುವುದಿಲ್ಲ. ಸುಮ್ಮನೆ ಬಾಯಿಗೆ ಬಂದದ್ದು ಹೇಳ್ತೀರಿ."

ಅಮ್ಮ ನನ್ನ ಕೈ ಹಿಡಿದು ಜಗ್ಗಿದರು. ಅಜ್ಜಿ "ಬಾಯಿ ಮುಚ್ಚು" ಎಂದರು. ಕಾಕ ಶರ್ಟನ್ನು ನಿಧಾನವಾಗಿ ಮಡಚಿದರು.

"ಓದಲಿಕ್ಕೆ ಬರ್ತದೆ ಮೋಳೆ" ಎಂದರು. "ಅರ್ಥ ಹೇಳಿಕೊಟ್ಟವರು ಯಾರೂ ಇಲ್ಲ. ನೀವೆಲ್ಲ ನನ್ನ ಮುಖ ನೋಡಿದಿರಿ. ಬರುವುದಿಲ್ಲ ಅಂತ ಹೇಳಲಿಕ್ಕೆ ನಾಚಿಕೆಯಾಯಿತು."

ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾನು ಕಾಪಿ ಪುಸ್ತಕದಲ್ಲಿ ನೂರು ಸಲ ಬರೆದವಳು. ಅಂದು ರಾತ್ರಿಯೂಟಕ್ಕೆ ಮೊದಲೇ ಪಪ್ಪನಿಗೆ ಕಾಗದವನ್ನೂ ಬರೆದೆ. ಕಾಕ ಹೇಳಿದ್ದೆಲ್ಲ ಕಟ್ಟುಕಥೆ, ಆ ಹುಡುಗಿಯ ಅಪ್ಪ ಮೊದಲೇ ಸತ್ತಿದ್ದಾನೆ, ಇದನ್ನು ಕಂಡುಹಿಡಿದದ್ದು ನಾನು ಎಂದು.

ಮುಂದಿನ ಶನಿವಾರ ಕಾಕ ಬರಲಿಲ್ಲ. ಆ ಸಂಜೆ ಜಪಮಾಲೆ ಮುಗಿದ ಮೇಲೆ ತಮ್ಮ ಅಜ್ಜಿಗೆ ಕೈಮುಗಿದ, ಅಮ್ಮನಿಗೆ ಕೈಮುಗಿದ, ಫೋಟೊದ ಮುಂದೆ ನಿಲ್ಲದೆ ಸೀದಾ ಅಡುಗೆಮನೆಗೆ ಹೋದ. ಮರುದಿನವೂ ಹಾಗೆಯೇ. ಯಾಕೆಂದು ನಾನು ಕೇಳಿದೆ. ಅವನು ತುಂಬಾ ಸಮಾಧಾನದಿಂದ ಹೇಳಿದ: "ಪಪ್ಪ ಸತ್ತಿದ್ದಾರೆ ಅಲ್ವಾ? ಅಜ್ಜಿ ನಮಗೆ ಹೇಳುವುದಿಲ್ಲ ಅಷ್ಟೆ. ಕಾಕ ಹೇಳದ ಹಾಗೆ."

ನಾನು ಹೌಹಾರಿದೆ. ಇಲ್ಲ ಮಾರಾಯ, ಪಪ್ಪ ಇದ್ದಾರೆ, ಕಾಗದ ಬರುತ್ತದೆ ಎಂದು ಕಾಗದ ತೋರಿಸಿದೆ. ಕಾಗದ ಬರೆಯುವುದು ನೀನೇ ಎಂದ. ಅಮ್ಮ ಹೇಳಿದರೂ ನಂಬಲಿಲ್ಲ. ಗೋಡೆಯ ಫೋಟೊಕ್ಕೆ ಅಜ್ಜಿ ಸ್ವರ ಕೊಡುತ್ತಿದ್ದುದು ಅವನಿಗೆ ಈಗ ಬೇರೆ ರೀತಿಯಲ್ಲಿ ಅರ್ಥವಾಗಿತ್ತು. ಅಳಲಿಲ್ಲ, ಹಟ ಮಾಡಲಿಲ್ಲ. ಪ್ರತಿ ಸಂಜೆ ಮೂರನೆಯ ಬೆಸಾಂವನ್ನು ಬಿಟ್ಟುಬಿಡುತ್ತಿದ್ದ, ಅಷ್ಟೆ. ಶಾಲೆಯಿಂದ ಬಂದವನು ಕಾಕನ ಅಂಗಡಿಯಲ್ಲಿ ಖಾಲಿ ನೂಲಿನ ಉರುಳೆಗಳನ್ನು ಜೋಡಿಸುತ್ತಾ ಕೂರುತ್ತಿದ್ದ. ನಾನು ಆ ಅಂಗಡಿಯ ಮುಂದೆ ಹೋಗದೆ ಗದ್ದೆಯ ಹುಣಿಯ ಮೇಲೆ ಸುತ್ತುಹಾಕಿ ಶಾಲೆಗೆ ಹೋಗುತ್ತಿದ್ದೆ.

ಎರಡು ತಿಂಗಳು ಕಳೆದು ಪಪ್ಪನ ರಜೆ ಮಂಜೂರಾಯಿತು. ಟ್ಯಾಕ್ಸಿ ಬಂದು ಅಂಗಳದಲ್ಲಿ ನಿಂತಿತು. ಅಜ್ಜಿ ಅಳುತ್ತಾ, ಅಮ್ಮ ನಗುತ್ತಾ, ನಾನು ಎರಡನ್ನೂ ಮಾಡುತ್ತಾ ಓಡಿದೆವು. ಪಪ್ಪ ಮಂಡಿಯೂರಿ ತಮ್ಮನಿಗೆ ಕೈ ಚಾಚಿದರು. ಸೆಂಟಿನ ಪರಿಮಳ, ಹೊಳೆಯುವ ಶರ್ಟು, ದೊಡ್ಡ ಪೆಟ್ಟಿಗೆ.

"ಗುಡ್ ಮಾರ್ನಿಂಗ್ ಅಂಕಲ್" ಎಂದ ತಮ್ಮ. "ಕ್ಯಾಸೆಟ್ ತಂದಿದ್ದೀರಾ?"

ಮೊದಲ ದಿನ ಎಲ್ಲರೂ ನಕ್ಕರು. ಎರಡನೆಯ ದಿನ ಯಾರೂ ನಗಲಿಲ್ಲ. ಮೂರನೆಯ ದಿನ ಅವನು ಅಡುಗೆಮನೆಗೆ ಹೋಗಿ, ಈ ಅಂಕಲ್ ಯಾವಾಗ ಅವರ ಮನೆಗೆ ಹೋಗುವುದು, ಇವರಿಗೆ ಮಕ್ಕಳಿಲ್ಲವಾ ಎಂದು ಅಮ್ಮನನ್ನು ಕೇಳಿದ. ಪಪ್ಪ ಅಂಗಳದ ಕಟ್ಟೆಯಲ್ಲಿ ಕೂತಿದ್ದವರು ಕೇಳಿಸಿಕೊಂಡರು. ಫೋಟೊದಲ್ಲಿ ತೆಳ್ಳಗಿನ, ಮೀಸೆಯಿಲ್ಲದ ಪಪ್ಪ. ಕಟ್ಟೆಯ ಮೇಲೆ ಹೊಟ್ಟೆ ಬಂದ, ಮೀಸೆ ಬಿಟ್ಟ, ನೆತ್ತಿ ಬೋಳಾದ ಪಪ್ಪ. ರಜೆ ಇದ್ದದ್ದು ಆರೇ ವಾರ. ಅಷ್ಟರಲ್ಲಿ ಮಗ ತನ್ನನ್ನು ಪಪ್ಪ ಎನ್ನದಿದ್ದರೆ, ಮತ್ತೆ ಮೂರು ವರ್ಷ ಅವನ ಪಾಲಿಗೆ ತಾನು ಸತ್ತವನೇ. ಹಾಗೆಂದು ಪಪ್ಪ ಅಮ್ಮನಿಗೆ ಹೇಳಿದ್ದು ನನಗೆ ಕೇಳಿಸಿತು.

ನಾನು ಎದ್ದವಳೇ ಸೀದಾ ರಸ್ತೆಯಲ್ಲೇ ಕಾಕನ ಅಂಗಡಿಗೆ ಹೋದೆ. ಅವರು ತಲೆ ಎತ್ತಲಿಲ್ಲ.

"ತಪ್ಪಾಯಿತು ಕಾಕ."

"ಟೀಚರಮ್ಮ ಕಳಿಸಿದ್ರಾ?"

"ಇಲ್ಲ, ನಾನೇ ಬಂದದ್ದು. ಪಪ್ಪನನ್ನು ಅವನು ಪಪ್ಪ ಅಂತ ಒಪ್ಪುವುದಿಲ್ಲ. ನಾವು ಯಾರು ಹೇಳಿದರೂ ನಂಬುವುದಿಲ್ಲ. ನೀವು ಹೇಳಿದರೆ ನಂಬ್ತಾನೆ."

"ನಾನು ಸುಳ್ಳು ಹೇಳುವವನಲ್ವಾ?"

ನಾನು ಅತ್ತೆ. ಕಾಕ ಕಾಜಿನ ಕೊನೆಯ ಗಂಟು ಹಾಕಿ, ನೂಲು ಕಡಿದು, ಎದ್ದು ಕಪಾಟಿನ ಮೇಲಿನ ಹಳೆಯ ಪುಸ್ತಕಗಳ ಕಟ್ಟು ಇಳಿಸಿದರು. ಅವರ ಅಳತೆ ಪುಸ್ತಕಗಳು. ಧೂಳು ಊದಿ ಊದಿ ಒಂದನ್ನು ಆರಿಸಿ ಕಂಕುಳಲ್ಲಿಟ್ಟರು. ಟೇಪನ್ನು ಕೊರಳಿಗೆ ಹಾಕಿಕೊಂಡರು. "ನಡೆ" ಎಂದರು.

ಮನೆಗೆ ಬಂದವರು ಪಪ್ಪನನ್ನು ಮಾತನಾಡಿಸಲೂ ಇಲ್ಲ. ಪುಸ್ತಕ ನನ್ನ ಕೈಗೆ ಕೊಟ್ಟು, "ಇದು ಇವರ ಮದುವೆಯ ಕೋಟಿನ ಅಳತೆ. ಗಟ್ಟಿಯಾಗಿ ಓದು" ಎಂದರು. ತಮ್ಮನನ್ನು ಹತ್ತಿರ ಕರೆದು ಟೇಪಿನ ಒಂದು ತುದಿ ಅವನ ಕೈಗೆ ಹಿಡಿಸಿದರು. ಪಪ್ಪ ಏನೂ ತಿಳಿಯದೆ ಎದ್ದು ನಿಂತರು.

"ಬೆನ್ನು, ಭುಜದಿಂದ ಭುಜಕ್ಕೆ ಹದಿನೇಳೂವರೆ" ಎಂದು ಓದಿದೆ.

ಕಾಕ ಅಳೆದರು. ತಮ್ಮನಿಗೆ ಅಂಕಿ ತೋರಿಸಿದರು. "ಎಷ್ಟು?" ಹದಿನೇಳೂವರೆ.

"ತೋಳು ಇಪ್ಪತ್ತನಾಲ್ಕು." ಇಪ್ಪತ್ತನಾಲ್ಕು.

"ಸೊಂಟ ಇಪ್ಪತ್ತೊಂಬತ್ತು." ಟೇಪು ಮೂವತ್ತಾರಕ್ಕೆ ಬಂದು ನಿಂತಿತು. ತಮ್ಮ ಗೆದ್ದವನ ಹಾಗೆ ಕಾಕನ ಮುಖ ನೋಡಿದ.

"ಸೊಂಟ ಅರಬರದ್ದು" ಎಂದರು ಕಾಕ. "ಎಲುಬು ನಮ್ಮದೇ. ಕೆಳಗೆ ಎಂತ ಬರೆದದ್ದುಂಟು, ಓದು."

ಪುಟದ ಕೆಳಗೆ ಪೆನ್ಸಿಲಿನಲ್ಲಿ ಬರೆದಿತ್ತು: ಎಡ ಭುಜ ಅರ್ಧ ಇಂಚು ಇಳಿ. ಕಾಕ ಪಪ್ಪನ ಹಿಂದೆ ನಿಂತು ಎರಡು ಭುಜಗಳ ಮೇಲೂ ಅಂಗೈ ಇಟ್ಟು ತೋರಿಸಿದರು. ಹೌದು, ಕಾಕನ ಎಡಗೈ ತುಸು ಕೆಳಗೆ ನಿಂತಿತು. ಆಮೇಲೆ ತಮ್ಮನ ಅಂಗಿ ಬಿಚ್ಚಿಸಿ, ಕನ್ನಡಿಯ ಮುಂದೆ ನಿಲ್ಲಿಸಿ, ಅವನ ಎರಡು ಭುಜಗಳ ಮೇಲೂ ಅಂಗೈ ಇಟ್ಟರು. ಎಡಗೈ ತುಸು ಕೆಳಗೆ ನಿಂತಿತು.

"ನಿನ್ನ ಅಂಗಿ ಹೊಲಿಯುವಾಗ ಪ್ರತಿ ಸಲ ನಾನು ಆ ಬದಿಗೆ ಸ್ವಲ್ಪ ಇಳಿಸಿಯೇ ಕತ್ತರಿಸುವುದು ಮೋನೆ. ಕಾಪುವಿನಲ್ಲಿ ನಾಲ್ಕು ಸಾವಿರ ಭುಜ ಅಳೆದಿದ್ದೇನೆ. ಇಂಥದ್ದು ಎರಡೇ. ಇದನ್ನು ಪೆಟ್ಟಿಗೆಯಲ್ಲಿ ತರಲಿಕ್ಕೆ ಆಗುವುದಿಲ್ಲ, ಅಪ್ಪ ಮಗನಿಗೆ ಕೊಡಬೇಕು."

ತಮ್ಮ ಕನ್ನಡಿಯಲ್ಲಿ ತನ್ನನ್ನು ನೋಡಿದ, ಪಪ್ಪನನ್ನು ನೋಡಿದ. ಬಹಳ ಹೊತ್ತು ಬೇಕಾಯಿತು ಅವನಿಗೆ. ಕೊನೆಗೆ ಹೋಗಿ ಪಪ್ಪನ ಎಡ ಭುಜವನ್ನು ಮುಟ್ಟಿದ. ಆ ಸಂಜೆ ಜಪಮಾಲೆಯ ನಂತರ ಅವನು ಫೋಟೊಕ್ಕೆ ಬೆನ್ನು ಹಾಕಿ, ಪಪ್ಪನ ಮುಂದೆ ಕೈಮುಗಿದು ನಿಂತು ಬೆಸಾಂವ್ ಕೇಳಿದ. ಪಪ್ಪ ಬಾಯಿ ತೆರೆಯುವಷ್ಟರಲ್ಲಿ ಅಭ್ಯಾಸಬಲದಿಂದ ಅಜ್ಜಿಯೇ ಹೇಳಿದರು.

ಆದರೆ ನಾನು ಹೇಳಬೇಕಾದದ್ದು ಅದಕ್ಕೆ ಮೊದಲು, ಕಾಕ ಟೇಪು ಸುತ್ತಿ ಹೊರಡುವಾಗ ನಡೆದದ್ದು. ಪಪ್ಪ ಅವರ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. "ನೀವು ಹೋಗಬಾರದು ಕಾಕ. ನಿಮ್ಮ ಹತ್ತಿರ ಒಂದು ಮಾತು ಕೇಳಿಕೊಂಡು ಬಾ ಅಂತ ನನ್ನ ರೂಮಿನವರು ಹೇಳಿ ಕಳಿಸಿದ್ದಾರೆ" ಎಂದರು.

ಪಪ್ಪನ ರೂಮಿನಲ್ಲಿ ಇದ್ದದ್ದು ಆರು ಮಂದಿ. ಎಲ್ಲರೂ ನಮ್ಮ ಕಡೆಯವರೇ: ಕಾರ್ಕಳದವರು, ಉಡುಪಿಯವರು, ಅಡುಗೆ ಮಾಡುತ್ತಿದ್ದವನು ಎರ್ಮಾಳಿನವನು. ಪಪ್ಪ ರೆಕಾರ್ಡ್ ಮಾಡುವಾಗ ಎಲ್ಲರೂ ಕಾರ್ಟೂನು ನೋಡುತ್ತಿದ್ದರು.

"ಪಪ್ಪ, ನಿಮಗೆ ಅರಬ್ಬಿ ಬರ್ತದಲ್ಲ" ಎಂದೆ ನಾನು. ಬುದ್ಧಿವಂತಿಕೆ ಇನ್ನೂ ಪೂರ್ತಿ ಇಳಿದಿರಲಿಲ್ಲ.

"ನನಗೆ ಬರುವ ಅರಬ್ಬಿ ಸಿಮೆಂಟಿನದ್ದು ಮಾರಾಯ್ತಿ. ಬೇಗ ಮಾಡು, ನಾಳೆ ಬಾ, ಮುಗಿಯಿತು. ಅಷ್ಟರಲ್ಲಿ ಕಥೆ ಎಲ್ಲಿ ಅರ್ಥ ಆಗ್ತದೆ? ನಾವು ಸುಮ್ಮನೆ ಚಿತ್ರ ನೋಡುವುದು. ಎರಡು ಮೂರು ತಿಂಗಳು ಬಿಟ್ಟು ನಿನ್ನ ಕಾಗದ ಬರ್ತದೆ. ಆಗ ಗೊತ್ತಾಗುವುದು, ಓ, ಅವತ್ತು ಅವಳು ಅತ್ತದ್ದು ಆಡು ಕಾಗದ ತಿಂದದ್ದಕ್ಕೆ ಅಂತ. ನಾನು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು."

ಕಾಕ ಟೇಪನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದರು.

"ಆಮೇಲೆ ಇವಳ ಆ ಕಾಗದ ಬಂತು" ಎಂದರು ಪಪ್ಪ. ನನ್ನನ್ನು ಬಯ್ಯಲಿಲ್ಲ. "ಅಪ್ಪ ಸತ್ತಿದ್ದಾನೆ ಅಂತ. ಅದನ್ನೂ ಓದಿದೆ. ಎರ್ಮಾಳಿನವನು ಆಮೇಲೆ ಟಿವಿ ಹತ್ತಿರವೇ ಬರಲಿಲ್ಲ. ಅವನ ಮಗಳಿಗೆ ಇವಳದ್ದೇ ಪ್ರಾಯ. ಕಡೆಯ ಭಾಗ ಬಂದ ದಿನ ನಮಗೆಲ್ಲರಿಗೂ ಓವರ್‌ಟೈಮ್. ಅದು ಸಿಕ್ಕಲೇ ಇಲ್ಲ. ಹೊರಡುವಾಗ ಎಲ್ಲರೂ ಹೇಳಿದ್ದು ಒಂದೇ: ಆ ಕಾಕನನ್ನು ಕೇಳು, ಅವಳ ಅಪ್ಪ ಬರ್ತಾನಾ ಇಲ್ವಾ, ಕೇಳಿ ಬರೆ."

ಕಾಕ ತಲೆ ಅಲ್ಲಾಡಿಸಿದರು. "ನನಗೆ ಅರ್ಥ ಗೊತ್ತಿಲ್ಲ ಅಂತ ಅವರಿಗೆ ಗೊತ್ತುಂಟಲ್ಲ."

"ಗೊತ್ತುಂಟು. ಗೊತ್ತಿದ್ದೇ ಕೇಳಿದ್ದು."

ಅಮ್ಮ ಕಾಗದ, ಪೆನ್ನು ತಂದು ನನ್ನ ಮುಂದಿಟ್ಟರು. ನಾನು ವಿಳಾಸ ಬರೆದೆ. ಎಲ್ಲರ ಕ್ಷೇಮ ಬರೆದೆ. ಆಮೇಲೆ ಪೆನ್ನು ಹಿಡಿದು ಕಾಕನನ್ನು ನೋಡಿದೆ. ಅವರು ಟಿವಿಯನ್ನು ನೋಡುತ್ತಿದ್ದರು. ಅದು ಚಾಲೂ ಇರಲಿಲ್ಲ.

"ಆರು ಮಂದಿಯಲ್ಲಿ ಮಕ್ಕಳಿರುವವರು ಎಷ್ಟು?" ಎಂದು ಪಪ್ಪನನ್ನು ಕೇಳಿದರು.

"ನನ್ನನ್ನು ಸೇರಿಸಿ ಐದು."

"ಬರ್ತಾನೆ ಅಂತ ಬರೆ" ಎಂದರು ಕಾಕ. ನಾನು ಒಂದಕ್ಷರ ಬಿಡದೆ ಬರೆದೆ.